ಓನರ್ ಗೋಡೆ, ಬಾಡಿಗೆದಾರರ ಮನೆ

ಬಾಡಿಗೆ ಮನೆಯನ್ನು ಸಿಂಗರಿಸುವುದಕ್ಕೆ ಸ್ವಂತ ಮನೆಗಿಲ್ಲದ ಎರಡು ಕಟ್ಟುಪಾಡುಗಳಿವೆ. ಗೋಡೆ, ನೆಲ, ಬಾಗಿಲುಗಳನ್ನು ಕೆಡಿಸುವಂತಿಲ್ಲ. ಖರ್ಚು ಮಾಡಿದ ದುಡ್ಡು ಮನೆ ಬಿಡುವ ದಿನ ಓನರ್ ಗೋಡೆಯಲ್ಲೇ ಉಳಿದುಹೋಗುವಂತಿರಬಾರದು. ಈ ಎರಡನ್ನೂ ಪಾಲಿಸುತ್ತಲೇ ಹನ್ನೊಂದು ತಿಂಗಳ ಕರಾರಿನ ಮನೆಯನ್ನು, ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಜೀವಕ್ಕೆ ಹಾಯೆನಿಸುವ ಹಾಗೆ ಮಾಡಿಕೊಳ್ಳಬಹುದು. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಸಾಮಾನಿನ ಬಹುಪಾಲು ವಾರದ ಸಂತೆಯಲ್ಲೇ ಸಿಗುತ್ತದೆ.

ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ವರ್ಗಾವಣೆಯಾಗಿ ಬರುವ ಶಿಕ್ಷಕರು ಇಲ್ಲಿನ ಬಾಡಿಗೆದಾರರಲ್ಲಿ ದೊಡ್ಡ ಗುಂಪು. ಅವರ ಜೊತೆಗೆ ಬ್ಯಾಂಕು, ನ್ಯಾಯಾಲಯ, ಪೊಲೀಸ್ ಠಾಣೆ, ಸಾರಿಗೆ ಡಿಪೊ, ಆಸ್ಪತ್ರೆಗಳ ಸಿಬ್ಬಂದಿ ಇದ್ದಾರೆ. ಮಕ್ಕಳ ಓದಿಗಾಗಿ ಹಳ್ಳಿಯ ಮನೆಗೆ ಬೀಗ ಹಾಕಿ ತಾಲ್ಲೂಕು ಕೇಂದ್ರಕ್ಕೆ ಬಂದ ರೈತ ಕುಟುಂಬಗಳಿವೆ. ಪಾವಗಡದಲ್ಲಿ ಸೌರ ವಿದ್ಯುತ್ ಪಾರ್ಕಿನ ತಂತ್ರಜ್ಞರೂ ಸೇರಿಕೊಂಡಿದ್ದಾರೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟಿನ ಆ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ಹೊಲವೂ ಬಾಡಿಗೆಗೆ ಹೋಗಿರುವ ಸೀಮೆ ಇದು.

ಇದ್ದ ಊರು ಬಿಟ್ಟು ಇನ್ನೊಂದು ಊರಿನಲ್ಲಿ ಸಂಸಾರ ಹೂಡುವುದು ಇಲ್ಲಿಗೆ ಹೊಸದೇನಲ್ಲ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾ ಆ ಕಾಲಕ್ಕೆ ಜನ ತುಂಬಿದ ಪಟ್ಟಣ. ಅಲ್ಲಿಂದ 12,000 ಕುಟುಂಬಗಳನ್ನು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿಗೆ ಸಾಗಿಸಿದನೆಂದು ಮೈಸೂರು ಸೀಮೆಯ ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಅಷ್ಟು ಮನೆಯವರು ಗಾಡಿಗೆ ಏನೇನು ಹೇರಿಕೊಂಡು ಹೊರಟರೋ ಯಾರೂ ಬರೆದಿಟ್ಟಿಲ್ಲ. ದೇವರ ಪೆಟ್ಟಿಗೆ, ಪಾತ್ರೆ, ಕಂಬಳಿ ಇಲ್ಲದೆ ಯಾವ ಗಾಡಿಯೂ ಹೊರಟಿರಲಾರದು.

ಬೆಂಗಳೂರಿನಂಥ ಬಹುಮಹಡಿ ಅಪಾರ್ಟ್‌ಮೆಂಟು ಈ ಊರುಗಳಲ್ಲಿ ಅಪರೂಪ. ಬಾಡಿಗೆಗೆ ಸಿಗುವುದು ಹೆಚ್ಚಾಗಿ 30×40 ಸೈಟಿನಲ್ಲಿ ಓನರ್ ಕಟ್ಟಿಸಿದ ಕಟ್ಟಡದ ಮೇಲ್ಮಹಡಿ. ಹೊರಗಿನ ಕಿರಿದಾದ ಮೆಟ್ಟಿಲು, ಒಂದು ಹಾಲು, ಒಂದೋ ಎರಡೋ ರೂಮು, ಅಡುಗೆಮನೆ, ಗೋಡೆಯೊಳಗೆ ಕಡಪ ಕಲ್ಲು ಕೂರಿಸಿದ ಶೆಲ್ಫು, ಮೇಲೆ ಸಜ್ಜೆ. ಇನ್ನೊಂದು ಬಗೆ ವಠಾರ: ಒಂದೇ ಸಾಲಿನಲ್ಲಿ ನಾಲ್ಕಾರು ಮನೆ, ನಡುವೆ ಒಂದು ನಲ್ಲಿ. ಮೂರನೆಯದು ಹಳೆ ಪೇಟೆ ಬೀದಿಗಳಲ್ಲಿ ಉಳಿದಿರುವ ಜಗಲಿ, ಪಡಸಾಲೆ, ತೊಲೆ ಜಂತೆಯ ಮಾಳಿಗೆ ಮನೆಗಳ ಒಂದು ಭಾಗ. ಇವುಗಳಲ್ಲಿ ಮಾಳಿಗೆ ಮನೆ ಸಿಕ್ಕವರೇ ಪುಣ್ಯವಂತರು. ದಪ್ಪ ಗೋಡೆ ಸೆಕೆಯನ್ನು ತಡೆಯುತ್ತದೆ. ಗೋಡೆಯಲ್ಲೇ ದೀಪದ ಗೂಡುಗಳಿರುತ್ತವೆ. ಅಲ್ಲಿ ಹೊಸದಾಗಿ ಸೇರಿಸಬೇಕಾದ್ದು ತೀರ ಕಡಿಮೆ.

ಯಾವ ಬಗೆಯ ಮನೆಯೇ ಆಗಲಿ, ಸಿಂಗಾರದ ಮೊದಲ ಕೆಲಸ ಕರಾರು ಪತ್ರ ಓದುವುದು. ಕರ್ನಾಟಕ ಬಾಡಿಗೆ ಅಧಿನಿಯಮ 1999ರ ಮೊದಲ ಅನುಸೂಚಿಯ ಎ ಭಾಗದ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆಯಲ್ಲಿ ಬಹುಪಾಲು ಮನೆಗಳು ಈ ಮಿತಿಯ ಮೇಲೆಯೇ ಇವೆ. ಹೀಗಾಗಿ ಅವುಗಳ ಮಟ್ಟಿಗೆ ಕರಾರಿನ ಮಾತುಗಳೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಆಧಾರ. ಆ ಕಾಯ್ದೆಯ 108ನೇ ಕಲಂ ಬಾಡಿಗೆದಾರರು ತಿಳಿದಿರಲೇಬೇಕಾದ ಕಲಂ. ಸಹಜ ಸವಕಳಿ ಬಿಟ್ಟರೆ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸುವಂತಿಲ್ಲ. ಬಾಡಿಗೆದಾರರು ತಾವೇ ಜೋಡಿಸಿದ್ದನ್ನು ಮನೆ ತಮ್ಮ ವಶದಲ್ಲಿರುವಾಗಲೇ ಬಿಚ್ಚಿಕೊಂಡು ಹೋಗಬಹುದು. ಓನರ್ ಮಾಡಿಸಿಕೊಡಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲಕ್ಕೆ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲೂ ಅವಕಾಶವಿದೆ. ಹನ್ನೊಂದು ತಿಂಗಳ ಕರಾರಿನ ರೂಢಿಗೆ ಕಾರಣ ಅದೇ ಕಾಯ್ದೆಯ 107ನೇ ಕಲಂ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ.

ಮನೆಗೆ ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಎಲ್ಲೆಲ್ಲಿ ಬಿರುಕಿದೆ, ಎಲ್ಲಿ ತೇವ ಹಿಡಿದಿದೆ, ಯಾವ ಗೋಡೆಯಲ್ಲಿ ಎಷ್ಟು ಮೊಳೆ ಮೊದಲೇ ಇವೆ ಎನ್ನುವುದಕ್ಕೆ ಅದೇ ಸಾಕ್ಷಿ. ಮುಂಗಡದಲ್ಲಿ ಬಣ್ಣದ ಖರ್ಚು ಮುರಿಯುವ ಮಾತು ಬಂದಾಗ ಈ ಫೋಟೊಗಳ ಬೆಲೆ ಗೊತ್ತಾಗುತ್ತದೆ. ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಓನರ್ ಕೈಯಲ್ಲಿರುವುದು ಲಕ್ಷಗಳ ಇಡಿಗಂಟು.

ಒಕ್ಕಲಾಗುವ ದಿನ ಬಾಡಿಗೆ ಮನೆಯಲ್ಲೂ ಹಾಲು ಉಕ್ಕಿಸುತ್ತಾರೆ. ಆವತ್ತೇ ದೇವರ ಜಾಗವೂ ಗೊತ್ತಾಗುತ್ತದೆ. ಪ್ರತ್ಯೇಕ ದೇವರ ಕೋಣೆ ಇಂಥ ಮನೆಗಳಲ್ಲಿ ಇರುವುದಿಲ್ಲ. ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫಿನ ಒಂದು ಖಾನೆಯೇ ಗೂಡಾಗುತ್ತದೆ. ಆ ಖಾನೆಯ ಹಿಂಬದಿಗೆ ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ರಟ್ಟಿಗೆ ಅಂಟಿಸಿ ನಿಲ್ಲಿಸಿದರೆ ಸಾಕು, ಕಪ್ಪು ಕಲ್ಲಿನ ಮೇಲೆ ಜರಿಯ ಅಂಚು ದೀಪದ ಬೆಳಕಿಗೆ ಮಿನುಗುತ್ತದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಈ ಭಾಗದ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅಲ್ಲಿನ ಸೀರೆ ಒಂದಾದರೂ ಇರುತ್ತದೆ. ಉಡಲಾಗದಷ್ಟು ಜೀರ್ಣವಾದ ಸೀರೆಯ ಅಂಚು, ಸೆರಗು ಬಹುಕಾಲ ಗಟ್ಟಿಯಾಗಿಯೇ ಇರುತ್ತವೆ. ಬಾಗಿಲ ತೋರಣಕ್ಕೆ, ದಿಂಬಿನ ಚೀಲಕ್ಕೆ ಅವು ಬರುತ್ತವೆ. ಶಿರಾದ ಮುಸ್ಲಿಂ ಮನೆಗಳಲ್ಲಿ ಪಶ್ಚಿಮದ ಕಡೆಗೆ ನಮಾಜಿನ ಚಾಪೆ ಹಾಸುವಷ್ಟು ಜಾಗವನ್ನು ಸಾಮಾನಿಲ್ಲದೆ ಬಿಡಿಸಿಟ್ಟುಕೊಳ್ಳುತ್ತಾರೆ. ಮನೆಗೊಂದು ನಡು ಸಿಗುವುದು ಹೀಗೆ. ಉಳಿದ ಸಾಮಾನು ಎಲ್ಲಿಡಬೇಕು ಎಂಬುದು ಆಮೇಲಿನ ಮಾತು.

ಹೊಸ್ತಿಲಿಗೆ ಓನರ್ ಅಡ್ಡಿ ಇಲ್ಲ. ಅರಿಶಿನ ಕುಂಕುಮ, ಎರಡು ಹೂವು, ಮುಂದೊಂದು ರಂಗೋಲಿ. ಮೇಲ್ಮಹಡಿ ಮನೆಗೆ ಅಂಗಳವಿಲ್ಲ. ಮೆಟ್ಟಿಲು ಮುಗಿಯುವ ಕಡೆ ಮೂರಡಿಯ ಟೈಲ್ಸ್ ಜಾಗವೇ ಅಂಗಳ. ನುಣುಪು ಟೈಲ್ಸಿನ ಮೇಲೆ ರಂಗೋಲಿ ಪುಡಿ ನಿಲ್ಲದು, ಗಾಳಿಗೆ ಹಾರಿ ಕೆಳಗಿನವರ ಬಟ್ಟೆ ಮೇಲೆ ಬೀಳುತ್ತದೆ. ಸೀಮೆಸುಣ್ಣವನ್ನು ನೀರಲ್ಲಿ ಅದ್ದಿ ಎಳೆದರೆ ಗೆರೆ ಒದ್ದೆಯಲ್ಲಿ ಮಂಕಾಗಿ ಕಂಡರೂ ಒಣಗುತ್ತಲೇ ಬೆಳ್ಳಗೆ ಎದ್ದು ಕಾಣುತ್ತದೆ, ಒರೆಸುವ ತನಕ ಹೋಗುವುದಿಲ್ಲ. ಶಿಕ್ಷಕರ ಮನೆಗಳಲ್ಲಿ ಸೀಮೆಸುಣ್ಣಕ್ಕೇನೂ ಕೊರತೆಯಿಲ್ಲ. ಎಣ್ಣೆಬಣ್ಣದಲ್ಲಿ ಶಾಶ್ವತ ರಂಗೋಲಿ ಬರೆಯುವುದು ಬೇಡ. ತೆಗೆಯಲು ಹೋದರೆ ಟೈಲ್ಸಿನ ಹೊಳಪೇ ಹೋಗುತ್ತದೆ.

ಗೋಡೆಯದು ದೊಡ್ಡ ಕತೆ. ಮನೆ ತೋರಿಸುವಾಗಲೇ ಓನರ್ ಬಾಯಿಂದ ಬರುವ ಮಾತು ‘ಮೊಳೆ ಮಾತ್ರ ಹೊಡೀಬೇಡಿ’ ಎನ್ನುವುದು. ಅವರ ಆತಂಕ ಸುಳ್ಳಲ್ಲ. ಸಿಮೆಂಟ್ ಗಾರೆಗೆ ಸುತ್ತಿಗೆಯಲ್ಲಿ ಮೊಳೆ ಬಡಿದರೆ ಕೈಯಗಲ ಗಾರೆ ಉದುರುವುದುಂಟು. ಆದರೆ ನಾಲ್ಕೈದು ಸಂಸಾರ ಬಂದುಹೋದ ಮನೆಯ ಗೋಡೆಯನ್ನು ಹತ್ತಿರ ಹೋಗಿ ನೋಡಬೇಕು. ಟಿವಿ ಶೆಲ್ಫಿನ ಮೇಲೆ ಒಂದು ಮೊಳೆ, ಅದರಲ್ಲಿ ಹಿಂದಿನವರು ಬಿಟ್ಟುಹೋದ ಅಂಗಡಿ ಕ್ಯಾಲೆಂಡರಿನ ತಗಡಿನ ಪಟ್ಟಿ ಇನ್ನೂ ನೇತಾಡುತ್ತಿರುತ್ತದೆ. ಕಿಟಕಿಯ ಎರಡೂ ಮೂಲೆಗೆ ಸೊಳ್ಳೆ ಪರದೆಯ ದಾರ ಕಟ್ಟಿದ ಮೊಳೆ. ರೂಮಿನಲ್ಲಿ ಆಳೆತ್ತರಕ್ಕೆ ಬಾಗಿದ ಮೊಳೆಯೊಂದು, ಅದರ ಕೆಳಗೆ ಅಂಗಿ ತೂಗಿ ತೂಗಿ ಮಾಸಿದ ಕಲೆ. ಬಾಗಿಲ ಚೌಕಟ್ಟಿನ ಮೇಲೆ ತೋರಣದ ಸಣ್ಣ ಮೊಳೆಗಳು ಸಾಲಾಗಿ. ಹಾಲಿನ ನಡುವೆ ತಾರಸಿಗೆ ಕೂರಿಸಿದ ಕಬ್ಬಿಣದ ಕೊಕ್ಕೆ, ಯಾವುದೋ ಕೂಸಿನ ತೊಟ್ಟಿಲು ತೂಗಿದ್ದು. ಲೆಕ್ಕ ಹಾಕಿದರೆ ಒಂದೂ ಹೊಸ ಮೊಳೆಯಿಲ್ಲದೆ ಸಂಸಾರಕ್ಕೆ ಬೇಕಾದ ಮುಕ್ಕಾಲು ಪಾಲು ನೇತುಹಾಕಲು ಇಷ್ಟು ಸಾಕು. ಪಟ ಹಾಕಲು ಜಾಗ ಹುಡುಕುವುದಕ್ಕಿಂತ, ಇರುವ ಮೊಳೆಗೆ ತಕ್ಕ ಪಟ ಹುಡುಕಿದರೆ ಕೆಲಸ ಸಲೀಸು. ತೊಟ್ಟಿಲ ಕೊಕ್ಕೆಗೆ ಉದ್ದನೆಯ ಹಗ್ಗ ಬಿಟ್ಟು ಬೆತ್ತದ ಬುಟ್ಟಿಯನ್ನೋ ದೀಪವನ್ನೋ ಇಳಿಬಿಟ್ಟರೆ ಬೋಳು ಹಾಲು ತುಂಬಿದಂತೆ ಕಾಣುತ್ತದೆ.

ಹೊಸ ಮೊಳೆ ಬೇಕೇಬೇಕೆಂದಾದರೆ ಓನರ್ ಒಪ್ಪಿಗೆ ಪಡೆದು ಡ್ರಿಲ್ಲಿಂಗ್ ಮಾಡಿಸುವುದು ಲೇಸು. ಆರು ಮಿಲಿಮೀಟರಿನ ತೂತು ಸುತ್ತಿಗೆ ಪೆಟ್ಟಿಗಿಂತ ಗೋಡೆಗೆ ಎಷ್ಟೋ ಹಿತ. ಮನೆ ಬಿಡುವಾಗ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಅದೇ ಬಣ್ಣ ಸವರಿದರೆ ಗುರುತೂ ಉಳಿಯದು. ಅಂಟುವ ಹುಕ್ಕುಗಳು ಟೈಲ್ಸ್, ಕಡಪ ಕಲ್ಲು, ಎನಾಮೆಲ್ ಬಳಿದ ಬಾಗಿಲುಗಳ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಡಿಸ್ಟೆಂಪರ್ ಗೋಡೆಗೆ ಅವನ್ನು ಅಂಟಿಸಬಾರದು. ಬಣ್ಣದ ಪದರವನ್ನೇ ಎಬ್ಬಿಸಿಕೊಂಡು ಪಟದ ಸಮೇತ ಕೆಳಗೆ ಬೀಳುತ್ತವೆ. ದೊಡ್ಡ ಚಿತ್ರ, ಕನ್ನಡಿಗಳನ್ನು ಶೆಲ್ಫಿನ ಮೇಲೋ ನೆಲದ ಮೇಲೋ ಗೋಡೆಗೆ ಒರಗಿಸಿಡಬಹುದು, ಮಕ್ಕಳಿರುವ ಮನೆಯಲ್ಲಿ ಮಾತ್ರ ಜಾರದಂತೆ ಅಡ್ಡ ಕೊಡಬೇಕು.

ಗೋಡೆಗೆ ಬಣ್ಣ ಬಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಓನರ್ ಬಳಿಸಿಟ್ಟ ತಿಳಿಹಸಿರು ಅಥವಾ ಗುಲಾಬಿ ಬಣ್ಣ ಒಗ್ಗದೆ ಹೋಗಬಹುದು. ಆದರೂ ಬಾಡಿಗೆ ಮನೆಗೆ ತಮ್ಮ ದುಡ್ಡಿನಲ್ಲಿ ಪೂರ್ತಿ ಬಣ್ಣ ಮಾಡಿಸುವುದು ಬುದ್ಧಿವಂತಿಕೆಯಲ್ಲ. ಒಂದೇ ಒಂದು ಗೋಡೆ, ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುವ ಗೋಡೆ, ಅದನ್ನಷ್ಟು ಓನರ್ ಅನುಮತಿಯಿಂದ ಬದಲಿಸಿದರೆ ಸಾಕು. ಬಣ್ಣದ ಜೋಡಿ ಹುಡುಕಲು ದೂರ ಹೋಗಬೇಕಿಲ್ಲ. ಬಯಲುಸೀಮೆಯ ಹಳ್ಳಿಮನೆಗಳಲ್ಲಿ ಹಬ್ಬ ಬಂತೆಂದರೆ ಸಾರಣೆ ಕಾರಣೆ ನಡೆಯುತ್ತಿತ್ತು. ಸಗಣಿ ಸಾರಿಸಿದ ನೆಲ, ಸುಣ್ಣದ ಬಿಳಿ ಗೋಡೆ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ. ಬಿಳಿಯ ಮೇಲೆ ಕೆಮ್ಮಣ್ಣಿನ ಆ ಕೆಂಪು ಈ ನೆಲದ್ದೇ ಬಣ್ಣ. ಗೋಡೆ ಮುಟ್ಟಲು ಅನುಮತಿ ಸಿಗದಿದ್ದರೂ ಕೆಮ್ಮಣ್ಣಿನ ಬಣ್ಣದ ಪರದೆ, ಬಿಳಿ ಹೊದಿಕೆಯ ದಿವಾನ್, ಒಂದು ಮಣ್ಣಿನ ಹೂಜಿ ಸೇರಿದರೆ ಕಣ್ಣಿಗೆ ಅದೇ ತಂಪು.

ನಿಜವಾದ ತಂಪು ಬೇರೆಯೇ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಪಾವಗಡದ ಕಡೆ ಬಿಸಿಲು 38ರಿಂದ 40 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ಆ ಕಾವನ್ನು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. ಸುತ್ತಲಿನ ಬಂಡೆಬೆಟ್ಟಗಳೂ ಅದನ್ನೇ ಮಾಡುತ್ತವೆ. ಸೆಕೆಯಿಂದ ನಿದ್ದೆಗೆಟ್ಟ ಮನೆ ಎಷ್ಟು ಚೆಂದ ಕಂಡರೂ ಒಗ್ಗುವುದಿಲ್ಲ. ಆದ್ದರಿಂದ ಸಿಂಗಾರಕ್ಕೆಂದು ತೆಗೆದಿಟ್ಟ ಹಣದ ಮೊದಲ ಪಾಲು ಬಿಸಿಲು ತಡೆಯುವುದಕ್ಕೆ ಹೋಗಬೇಕು. ತಾರಸಿಯ ಮೇಲೆ ಬೇಸಗೆಗೆ ಮುನ್ನ ಎರಡು ಕೋಟ್ ಸುಣ್ಣ ಹೊಡೆಸಿದರೆ ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕೆಳಗಿನ ಕೋಣೆಯ ಕಾವು ಇಳಿಯುತ್ತದೆ. ಸುಣ್ಣ ಬಲು ಅಗ್ಗ, ತಾರಸಿಯೂ ಕೆಡುವುದಿಲ್ಲ. ಓನರಿಗೆ ಇದನ್ನು ತಿಳಿಸಿ ಹೇಳಿದರೆ ಖರ್ಚಿನಲ್ಲಿ ಅರ್ಧ ಕೊಡಲೂ ಒಪ್ಪಬಹುದು.

ಪಶ್ಚಿಮದ ಕಿಟಕಿಗೆ ಪರದೆ ಒಳಗಿರುವುದಕ್ಕಿಂತ ಹೊರಗೆ ಇರಬೇಕು. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಒಳಗಿನ ಬಟ್ಟೆ ತಡೆದರೂ ಕಾವು ಆಗಲೇ ಕೋಣೆ ಸೇರಿರುತ್ತದೆ. ಬಿದಿರಿನ ಪರದೆಯನ್ನು ಕಿಟಕಿಯ ಹೊರಸಜ್ಜೆಗೆ ಅಥವಾ ಬಾಲ್ಕನಿಯ ಸರಳಿಗೆ ಹಗ್ಗದಲ್ಲಿ ಕಟ್ಟಿದರೆ ಮೊಳೆಯ ಗೊಡವೆಯೇ ಇಲ್ಲ. ಒಳಗಿನ ಪರದೆಗೆ ಹತ್ತಿ ಬಟ್ಟೆ ಸಾಕು. ಟೈಲರ್ ಹತ್ತಿರ ಹೊಲಿಸುವಾಗ ಕೆಳಗೆ ಆರು ಇಂಚು ಮಡಿಕೆ ಬಿಡಿಸಬೇಕು. ಮುಂದಿನ ಊರಿನ ಮನೆಯ ಕಿಟಕಿ ಎತ್ತರವಾಗಿದ್ದರೆ ಬಿಚ್ಚಿಕೊಳ್ಳಬಹುದು. ವರ್ಗಾವಣೆಯ ನೌಕರಿಯವರಿಗೆ ಈ ಆರು ಇಂಚು ದೊಡ್ಡ ಉಳಿತಾಯ. ಸ್ವಂತದ್ದೊಂದು ಒಳ್ಳೆಯ ಸೀಲಿಂಗ್ ಫ್ಯಾನ್ ಕೊಂಡು ಓನರ್ ಫ್ಯಾನನ್ನು ಸಜ್ಜೆಯ ಮೇಲಿಟ್ಟು, ಹೋಗುವಾಗ ಮತ್ತೆ ಕೂರಿಸಿ ಬರುವವರೂ ಇದ್ದಾರೆ. ಹಳೆಯ ಮಾದರಿಯ ಫ್ಯಾನ್ ಸುಮಾರು 75 ವಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲಿ ಮುಗಿಸುತ್ತದೆ.

ಮಧುಗಿರಿಯಲ್ಲಿ ಏಕಶಿಲಾ ಬೆಟ್ಟ ಕಾಣುವ ಕಿಟಕಿಯೋ ಬಾಲ್ಕನಿಯೋ ಇರುವ ಮನೆ ಸಿಕ್ಕರೆ, ಅಲ್ಲಿ ಬೀರು ಇಟ್ಟು ಮುಚ್ಚುವುದು ದೊಡ್ಡ ತಪ್ಪು. ಎರಡು ಕುರ್ಚಿ ಅಲ್ಲಿಗೇ ಹೋಗಬೇಕು. ಹೊತ್ತು ಮುಳುಗುವಾಗ ಆ ಬಂಡೆಯ ಮೈ ಬಣ್ಣ ಬದಲಿಸುವುದನ್ನು ನೋಡುತ್ತ ಕಾಫಿ ಕುಡಿಯುವ ಭಾಗ್ಯ ಬೆಂಗಳೂರಿನಲ್ಲಿ ಎಷ್ಟು ಬಾಡಿಗೆ ಕೊಟ್ಟರೂ ದಕ್ಕುವುದಿಲ್ಲ. ಪಾವಗಡದಲ್ಲೂ ಕೋಟೆ ಬೆಟ್ಟದ ಕಡೆಗೆ ಮುಖ ಮಾಡಿದ ಮನೆಗಳಿಗೆ ಇದೇ ಮಾತು.

ರಾತ್ರಿಯ ಬೆಳಕಿಗೆ ಬಲ್ಬಿನ ಡಬ್ಬದ ಮೇಲಿನ ಸಂಖ್ಯೆ ನೋಡುವ ಅಭ್ಯಾಸ ಬೇಕು. 6,500 ಕೆಲ್ವಿನ್ ಎಂದರೆ ಆಸ್ಪತ್ರೆಯ ಬಿಳಿ ಬೆಳಕು. ಅಡುಗೆಮನೆಗೂ ಮಕ್ಕಳ ಓದಿನ ಮೇಜಿಗೂ ಸರಿ. 2,700ರಿಂದ 3,000 ಕೆಲ್ವಿನ್ ದೀಪ ಹಳೆಯ ಬುರುಡೆ ಬಲ್ಬಿನ ಹೊಂಬಣ್ಣ ಕೊಡುತ್ತದೆ. ಹಾಲಿನ ಟ್ಯೂಬ್‌ಲೈಟಿನ ಜೊತೆಗೆ ಮೂಲೆಯಲ್ಲಿ ಇಂಥದ್ದೊಂದು ಮೇಜುದೀಪ ಇಟ್ಟರೆ ಅದೇ ಕೋಣೆ ಬೇರೆಯಾಗಿ ಕಾಣುತ್ತದೆ. ಪಾವಗಡದ ಗಡಿಯಾಚೆ, ಆಂಧ್ರದ ಧರ್ಮಾವರದ ಹತ್ತಿರ ನಿಮ್ಮಲಕುಂಟ ಎಂಬ ಊರಿದೆ. ತೊಗಲುಗೊಂಬೆ ಆಟದ ಮನೆತನಗಳ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಟ ನೋಡುವವರು ಕಡಿಮೆಯಾದ ಮೇಲೆ ಅಲ್ಲಿನ ಕಲಾವಿದರು ಅದೇ ತೊಗಲಿನ ಮೇಲೆ ಅದೇ ಬಣ್ಣಗಳಲ್ಲಿ ದೀಪದ ಹೊದಿಕೆ ಮಾಡತೊಡಗಿದರು. ಹದ ಮಾಡಿದ ಆಡಿನ ತೊಗಲು ಬೆಳಕು ಹಾಯುವಷ್ಟು ತೆಳ್ಳಗಿರುತ್ತದೆ, ಒಳಗೆ ದೀಪ ಹೊತ್ತಿಸಿದರೆ ಕೆಂಪು ಹಸಿರು ಗೋಡೆಯ ಮೇಲೆಲ್ಲ ಹರಡುತ್ತದೆ. ಮೊಳೆ ಬೇಡ, ಬಣ್ಣ ಬೇಡ, ಗೋಡೆ ತಾನಾಗಿ ಸಿಂಗಾರಗೊಳ್ಳುತ್ತದೆ. ಕರೆಂಟಿನ ಮಾತು ಬಂದಾಗ ಇನ್ನೊಂದು: ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಮನೆ ಬದಲಿಸಿದಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ ಆಧಾರ್ ಜೋಡಣೆ ಬಿಡಿಸಿ ಹೊಸ ಮನೆಗೆ ಮಾಡಿಸಿಕೊಳ್ಳಬೇಕು.

ನೆಲಕ್ಕೆ ಹಾಸುವ ವಸ್ತುಗಳಲ್ಲಿ ಈ ಸೀಮೆಯ ಸಿರಿತನವಿದೆ. ಶಿರಾ, ಪಾವಗಡ ಮತ್ತು ಪಕ್ಕದ ಚಳ್ಳಕೆರೆಯ ಕಡೆ ಕುರುಬರು ನೇಯುವ ಕರಿ ಕಂಬಳಿಗೆ ಹಳೆಯ ಹೆಸರಿದೆ. ಊರ ಕುರಿಯ ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ನೇಯ್ದ ಬಟ್ಟೆ ಅದು. ಮುಟ್ಟಿದರೆ ಒರಟು, ಬಾಳಿಕೆ ಮಾತ್ರ ಎರಡು ತಲೆಮಾರು. ದೇವರ ಕಾರ್ಯಗಳಲ್ಲಿ ಗದ್ದಿಗೆಗೆ ಹಾಸುವ ಗೌರವ ಕಂಬಳಿಗಿದೆ. ದಿವಾನಿನ ಮೇಲೋ ಹಾಲಿನ ನಡುವೆ ನೆಲದ ಮೇಲೋ ಹಾಸಿದರೆ ಅಂಗಡಿಯ ಸಿಂಥೆಟಿಕ್ ಕಾರ್ಪೆಟ್ಟು ಅದರ ಮುಂದೆ ಸಪ್ಪೆ. ಅದನ್ನು ಪದೇ ಪದೇ ಒಗೆಯಬಾರದು, ಬಿಸಿಲಿಗೆ ಹಾಕಿ ಕೊಡವಬೇಕು. ಮಡಿಸಿಡುವಾಗ ನಡುವೆ ಬೇವಿನ ಸೊಪ್ಪು ಇಟ್ಟರೆ ಹುಳು ಬೀಳದು. ಬೇಸಗೆಗೆ ಕಂಬಳಿ ಎತ್ತಿಟ್ಟು ಈಚಲು ಚಾಪೆ ಹಾಸಬಹುದು. ಕೆರೆಯಂಗಳದ ಈಚಲು ಮರದ ಗರಿಯಿಂದ ಹೆಣೆದ ಚಾಪೆ ಬರಿಗಾಲಿಗೆ ತಣ್ಣಗಿರುತ್ತದೆ. ಈಚಲು ಚಾಪೆ ಹೆಣೆಯುವವರ ಹತ್ತಿರ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಬಿದಿರಿನ ಮೊರ, ಕುಕ್ಕೆ, ಮಂಕರಿಗಳೂ ಸಂತೆಯಲ್ಲಿ ಸಿಗುತ್ತವೆ. ಈರುಳ್ಳಿಗೊಂದು, ಮಕ್ಕಳ ಆಟಿಕೆಗೊಂದು, ಒಗೆಯುವ ಬಟ್ಟೆಗೊಂದು ಮಂಕರಿ ಇಟ್ಟರೆ ಚೆಲ್ಲಾಪಿಲ್ಲಿಯ ಮನೆ ಅರ್ಧ ಓರಣವಾದಂತೆ. ಈ ದುಡ್ಡು ನೇರವಾಗಿ ಹೆಣೆದವರ ಕೈಗೆ ಹೋಗುತ್ತದೆ ಎನ್ನುವುದೂ ಸಣ್ಣ ಸಂಗತಿಯಲ್ಲ.

ಪೀಠೋಪಕರಣ ಕೊಳ್ಳುವಾಗ ಒಂದು ಅಳತೆ ನೆನಪಿರಬೇಕು. ಈ ಊರುಗಳಲ್ಲಿ ಮನೆ ಸಾಗಿಸುವುದು ಟಾಟಾ ಏಸ್ ಗಾಡಿ. ಅದರ ಹಿಂಭಾಗ ಸುಮಾರು ಏಳಡಿ ಉದ್ದ, ಐದಡಿಗೆ ತುಸು ಕಮ್ಮಿ ಅಗಲ. ಅದಕ್ಕೆ ಹಿಡಿಸದ, ಕಿರಿದಾದ ಹೊರಮೆಟ್ಟಿಲಲ್ಲಿ ತಿರುಗದ ಸಾಮಾನು ಬಾಡಿಗೆ ಸಂಸಾರಕ್ಕೆ ಹೊರೆ. ಬಿಚ್ಚಿ ಜೋಡಿಸುವ ಮಂಚ, ಮಡಚುವ ಮೇಜು, ಒಳಗೆ ಹಾಸಿಗೆ ತುಂಬಬಹುದಾದ ದಿವಾನ್ ಇದ್ದರೆ ಸಾಗಣೆ ಸುಲಭ. ಕಬ್ಬಿಣದ ಬೀರು ಮಾತ್ರ ಎಲ್ಲ ಮನೆಗೂ ಬಂದೇ ಬರುತ್ತದೆ. ಅದನ್ನು ಗೋಡೆಗೆ ಒರಗಿಸದೆ ಅಡ್ಡಲಾಗಿ ನಿಲ್ಲಿಸಿ, ಬೆನ್ನಿಗೆ ಕಂಬಳಿಯನ್ನೋ ಹಳೆ ಸೀರೆಯ ಕೌದಿಯನ್ನೋ ಇಳಿಬಿಟ್ಟರೆ ಒಂದೇ ಹಾಲು ಎರಡಾಗುತ್ತದೆ. ಆಚೆ ಬದಿ ಓದುವ ಮಕ್ಕಳಿಗೆ, ಈಚೆ ಬದಿ ಬಂದುಹೋಗುವ ನೆಂಟರಿಗೆ.

ಅಡುಗೆಮನೆಯಲ್ಲಿ ಮೊದಲ ಜಾಗ ನೀರಿನದು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಹಲ್ಲು, ಮೂಳೆ ಕೆಡುತ್ತವೆ. ಕುದಿಸಿದರೂ ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ. ಹೀಗಾಗಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು, ಉಳಿದ ಬಳಕೆಗೆ ಡ್ರಮ್ಮು ಎಂದು ಎರಡು ಬಗೆಯ ನೀರು ಮನೆಯಲ್ಲಿ ಇರುತ್ತದೆ. 20 ಲೀಟರಿನ ಕ್ಯಾನಿಗೆ ಗಟ್ಟಿ ಸ್ಟ್ಯಾಂಡು, ಪಕ್ಕದಲ್ಲಿ ಮರಳಿನ ಮೇಲೆ ಕೂರಿಸಿದ ಮಣ್ಣಿನ ಮಡಕೆ, ಅದರ ಮೇಲೆ ಬೆಳಗಿದ ಹಿತ್ತಾಳೆ ತಟ್ಟೆ. ಇಷ್ಟನ್ನು ಓರಣವಾಗಿ ಜೋಡಿಸಿದರೆ ಅಡುಗೆಮನೆಯ ಒಂದು ಮೂಲೆ ತಾನಾಗಿಯೇ ಕಳೆಗಟ್ಟುತ್ತದೆ. ಗಡಸು ನೀರು ನಲ್ಲಿಯ ಮೇಲೆ ಬಿಡುವ ಬಿಳಿ ಪೊರೆಗೆ ಹುಣಸೆಹಣ್ಣೋ ನಿಂಬೆಹೋಳೋ ತಿಕ್ಕಿದರೆ ಹೋಗುತ್ತದೆ.

ಅಡುಗೆಮನೆಯ ಮಾತಿನಲ್ಲಿ ಮುಚ್ಚಿಡಬಾರದ ಒಂದು ಸಂಗತಿಯಿದೆ. ಮನೆ ಕೇಳಲು ಹೋದವರನ್ನು ‘ನೀವು ಯಾವ ಜನ’ ಎಂದು, ‘ಮನೇಲಿ ಏನು ಮಾಡ್ತೀರಿ’ ಎಂದು ಕೇಳುವ ರೂಢಿ ಇನ್ನೂ ಹೋಗಿಲ್ಲ. ತಾವು ಬೇಯಿಸಿದ್ದರ ವಾಸನೆ ಮೆಟ್ಟಿಲಿಳಿದೀತೆಂದು ಕಿಟಕಿ ಮುಚ್ಚಿ ಅಡುಗೆ ಮಾಡುವ ಸಂಸಾರಕ್ಕೆ ಎಂಥ ಪರದೆ ಕಟ್ಟಿದರೂ ಅದು ತನ್ನ ಮನೆ ಅನ್ನಿಸುವುದಿಲ್ಲ. ಊರಿನ ಮಕ್ಕಳಿಗೆ ಪಾಠ ಹೇಳಲು ಬಂದ ಮೇಷ್ಟ್ರಿಗೆ, ರೋಗಿಗಳ ಆರೈಕೆಗೆ ಬಂದ ನರ್ಸಿಗೆ ಈ ಪ್ರಶ್ನೆ ಕೇಳುವುದು ಅನ್ಯಾಯ.

ಗಿಡಗಳ ವಿಚಾರ ಸರಳ. ನೀರು ಕಡಿಮೆ, ಬಿಸಿಲು ಹೆಚ್ಚು ಇರುವಲ್ಲಿ ತುಳಸಿ, ದೊಡ್ಡಪತ್ರೆ, ಲೋಳೆಸರ, ಕನಕಾಂಬರ ಬದುಕುತ್ತವೆ. ಕೊರಟಗೆರೆ ಕಡೆ ಮಲ್ಲಿಗೆ ಬಳ್ಳಿಯನ್ನೂ ಬಾಲ್ಕನಿಗೆ ಹಬ್ಬಿಸಬಹುದು. ಅಕ್ಕಿ, ಬೇಳೆ ತೊಳೆದ ನೀರೇ ಸಾಕು. ಕುಂಡದ ಕೆಳಗೆ ತಟ್ಟೆ ಇರಲಿ. ಓನರ್ ಗೋಡೆಗೆ ನೀರಿಳಿದ ಕಲೆಯಿಂದ ಶುರುವಾದ ಜಗಳಗಳು ಬೇಗ ಮುಗಿಯುವುದಿಲ್ಲ.

ಮಕ್ಕಳಿಗೆ ಮನೆ ಬದಲಾಗುವುದು ದೊಡ್ಡವರಿಗಿಂತ ಹೆಚ್ಚು ಕಷ್ಟ. ಶಾಲೆ, ಗೆಳೆಯರು, ಬೀದಿ ಎಲ್ಲ ಒಟ್ಟಿಗೆ ಹೋಗುತ್ತವೆ. ಯಾವ ಊರಿಗೆ ಹೋದರೂ ಮೊದಲ ದಿನವೇ ಅವರ ಮೂಲೆ ಸಿದ್ಧವಾಗಬೇಕು. ಅದೇ ಹೊದಿಕೆ, ಅದೇ ಪುಸ್ತಕದ ಡಬ್ಬ, ಅದೇ ದೀಪ. ಗೋಡೆಯಲ್ಲಿ ಎತ್ತರ ಗುರುತು ಹಾಕುವ ಬದಲು ಉದ್ದನೆಯ ಮರದ ಪಟ್ಟಿಯ ಮೇಲೆ ತಾರೀಕು ಸಮೇತ ಗೆರೆ ಎಳೆದಿಟ್ಟರೆ ಆ ಪಟ್ಟಿ ಊರಿಂದೂರಿಗೆ ಜೊತೆಗೆ ಬರುತ್ತದೆ. ಕೊರಟಗೆರೆಯಲ್ಲಿ ಮೂರಡಿ ಇದ್ದ ಮಗು ಪಾವಗಡದಲ್ಲಿ ಮೂರೂಮುಕ್ಕಾಲು ಅಡಿಯಾದದ್ದು ಅದರ ಮೇಲೆ ಇರುತ್ತದೆ.

ಮನೆ ಬಿಡುವ ವಾರ ಮಾಡಬೇಕಾದ್ದು ಇಷ್ಟು: ಹಾಕಿದ ಹುಕ್ಕು ತೆಗೆದು ತೂತು ಮುಚ್ಚುವುದು, ಓನರ್ ಫ್ಯಾನು, ಬಲ್ಬುಗಳನ್ನು ಮೊದಲಿದ್ದಲ್ಲೇ ಕೂರಿಸುವುದು, ಶೆಲ್ಫು ಒರೆಸುವುದು, ಮತ್ತೆ ಫೋಟೊ ತೆಗೆದು ಓನರ್ ಜೊತೆ ಒಮ್ಮೆ ಮನೆಯೆಲ್ಲ ನೋಡುವುದು. ಮನೆ ಕೊಡುವವರಲ್ಲೂ ಹಿಡಿಯುವವರಲ್ಲೂ ಒಂದು ಕೋರಿಕೆ. ಮುಂದಿನ ಕರಾರು ಪತ್ರ ಬರೆಸುವಾಗ ಮೂರು ಸಾಲು ಹೆಚ್ಚು ಬರೆಸಿ: ಯಾವ ಗೋಡೆಗೆ ಮೊಳೆ ಹೊಡೆಯಬಹುದು, ಯಾವುದಕ್ಕೆ ಬಣ್ಣ ಹಚ್ಚಬಹುದು, ಹೋಗುವಾಗ ಯಾರು ಸರಿಪಡಿಸಬೇಕು. ಸಾಮಾನು ಇಳಿಸುವ ಮುಂಚೆಯೇ ಇದು ಇತ್ಯರ್ಥವಾಗಿರಲಿ.